ಜೀಪಿನ ಹಿಂದಿನ ಮೂರು ತೂತು

ಅವರಿಗೆ ಮೇಜರ್ ಅನ್ನುವ ಪದವಿ ಕೊಟ್ಟದ್ದು ಬೀದಿ ಮೂಲೆಯ ಕ್ಷೌರದಂಗಡಿ. ತುದಿ ಮೇಲಕ್ಕೆ ತಿರುವಿದ ಮೀಸೆ, ಗೆರೆ ಮುರಿಯದ ಪ್ಯಾಂಟು, ಹಾಲು ತರಲು ಹೊರಟರೂ ಎದೆ ಸೆಟೆಸಿಕೊಂಡು ಇಡುವ ಹೆಜ್ಜೆ. ಇಷ್ಟನ್ನು ನೋಡಿದ ಕ್ಷೌರಿಕ ಒಂದು ದಿನ, "ಬನ್ನಿ ಮೇಜರೇ, ಕೂತ್ಕೊಳ್ಳಿ" ಅಂದುಬಿಟ್ಟ. ಅವರು ಅಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮೀಸೆಯಲ್ಲೇ ನಕ್ಕರು. ಆರು ತಿಂಗಳು ಕಳೆಯುವುದರೊಳಗೆ ಅಂಚೆಯವನೂ ಹಾಗೇ ಕರೆಯತೊಡಗಿದ.

ನಿಜ ಏನಪ್ಪಾ ಅಂದರೆ, ಅವರು ಸೇನೆಯ ಬಟ್ಟೆ ಉಗ್ರಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತರಾಗಿದ್ದವರು. ಕಂಬಳಿ, ಕಾಲುಚೀಲ, ಅಂಗಿ, ಬೂಟಿನ ಲೇಸು, ಇವುಗಳನ್ನು ಇಳಿಸಿಕೊಂಡು, ಜೋಡಿಸಿ, ಕೇಳಿದವರಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಇಡೀ ಸೇವೆಯಲ್ಲಿ ಅವರು ಮುಖಾಮುಖಿಯಾದ ಶತ್ರು ಒಂದೇ, ನುಸಿ. ಅದರ ಮೇಲೂ ಗೆದ್ದರು ಅನ್ನುವುದಕ್ಕೆ ಪುರಾವೆಯಿಲ್ಲ.

ಬೀದಿಯನ್ನು ಏಮಾರಿಸಬಹುದು. ಆದರೆ ಮನೆಯ ಮುಂದಿನ ಕೋಣೆಯಲ್ಲೇ ಮಾವ ಕೂತಿದ್ದರಲ್ಲ! ಹೆಂಡತಿಯ ಅಪ್ಪ. ಸೇನೆಯಲ್ಲಿ ಗಾಡಿ ಓಡಿಸುತ್ತಿದ್ದವರು, ನಿಜವಾದ ಯುದ್ಧದಲ್ಲಿ ಓಡಿಸಿದವರು. ಎಡಗಿವಿ ಅಲ್ಲೇ ಎಲ್ಲೋ ಕಳೆದುಹೋಗಿತ್ತು. ಕಿಟಕಿಯ ಪಕ್ಕದ ಮಂಚ, ಮಂಚದ ಕೆಳಗೆ ಸೇನೆ ಕೊಟ್ಟ ಒಂದು ಹಸಿರು ತಗಡಿನ ಟ್ರಂಕು, ಇಷ್ಟೇ ಅವರ ಸಂಸಾರ. ಯುದ್ಧದ ಕತೆ ಹೇಳಿ ಮಾವ ಎಂದು ಯಾರು ಗೋಗರೆದರೂ ಬರುತ್ತಿದ್ದ ಉತ್ತರ ಒಂದೇ: "ಗಾಡಿ ಓಡಿಸ್ತಿದ್ದೆ." ಆದರೆ ಅಳಿಯನನ್ನು ಚುಚ್ಚುವುದಕ್ಕೆ ಮಾತ್ರ ಮುದುಕರಿಗೆ ಮಾತಿನ ಬರ ಇರಲಿಲ್ಲ. ಮೂವತ್ತು ವರ್ಷದಿಂದ ಸಂಜೆ ಮನೆಗೆ ಬಂದ ಅಳಿಯನಿಗೆ ಒಂದೇ ಸ್ವಾಗತ: "ಏನು ಅಳಿಯಂದ್ರೇ, ಇವತ್ತು ಎಷ್ಟು ಕಾಲುಚೀಲ ಸೆರೆ ಸಿಕ್ತು?"

ಮೇಜರ್ ನಗುತ್ತಿದ್ದರು. ಒಳಗೆ ಕುದಿಯುತ್ತಿದ್ದರು. ಜಗತ್ತೆಲ್ಲ ಸಲಾಮು ಹೊಡೆದರೂ ಅವರಿಗೆ ಬೇಕಿದ್ದದ್ದು ಆ ಮಂಚದ ಮೇಲಿನಿಂದ ಒಂದು ಒಳ್ಳೆಯ ಮಾತು. ಒಂದೇ ಒಂದು. ಅದನ್ನು ಆಡದೆಯೇ ಮಾವ ಹೋಗಿಬಿಟ್ಟಾರು ಎಂಬ ಹೆದರಿಕೆ ನಿವೃತ್ತಿಯಾದ ಮೇಲೆ ಹೆಚ್ಚಾಯಿತು. ಮುದುಕರಿಗೆ ಆಗಲೇ ಎಂಬತ್ತಾರು.

ಅದಕ್ಕೇ ಅವರು ಜೀಪು ಕೊಂಡರು.

ಸೇನೆಯವರು ಹರಾಜು ಹಾಕಿದ್ದನ್ನು ಕೊಂಡು ತಂದ ದಲ್ಲಾಳಿಯ ಅಂಗಳದಲ್ಲಿ ಅದು ನಾಲ್ಕು ಕಲ್ಲುಗಳ ಮೇಲೆ ನಿಂತಿತ್ತು. ತಳದ ತಗಡು ತುಕ್ಕು ತಿಂದು, ಒಳಗೆ ಕಾಲಿಟ್ಟರೆ ಕೆಳಗಿನ ಹುಲ್ಲು ತಾಗುತ್ತಿತ್ತು. ಸೀಟಿನ ಸ್ಪಂಜಿನಲ್ಲಿ ಇಲಿ ಮರಿ ಹಾಕಿತ್ತು. ಮೇಜರ್ ಮುಖ ಸಿಂಡರಿಸಿದ್ದನ್ನು ಕಂಡ ದಲ್ಲಾಳಿ ಅವರನ್ನು ಹಿಂದಕ್ಕೆ ಕರೆದೊಯ್ದು, ಹಿಂದಿನ ತಗಡಿನಲ್ಲಿದ್ದ ಮೂರು ತೂತು ತೋರಿಸಿ ದನಿ ತಗ್ಗಿಸಿದ. "ಗುಂಡು, ಸಾರ್. ಯುದ್ಧದ್ದು." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮ ಮೇಜರ್. ಅಲ್ಲೇ ವ್ಯಾಪಾರ ಕುದುರಿತು.

ಲಾರಿಯ ಮೇಲೆ ಮಲಗಿ ಬಂದ ಜೀಪನ್ನು ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ರೀ, ಮನೇಲಿ ಓಡಾಡೋಕೆ ಆಗದ ಹಳೇ ಮಿಲಿಟರಿ ಸಾಮಾನು ಒಂದು ಇತ್ತಲ್ಲ, ಸಾಲದೇ ಹೋಯ್ತಾ?" ಎಂದಳು. ಕಿಟಕಿಯ ಒಳಗಿಂದ ಮಗಳ ಮಾತಿಗೆ ಅಪ್ಪ ನಕ್ಕದ್ದು ಕೇಳಿಸಿತು. ಬೇಕಾದದ್ದನ್ನು ಕೇಳಿಸಿಕೊಳ್ಳಲು ಅವರ ಬಲಗಿವಿ ಸಾಕಷ್ಟು ಚುರುಕಾಗಿತ್ತು.

ಎಂಜಿನ್ನು, ಬ್ರೇಕು, ಟೈರು ಎಲ್ಲ ಮುಗಿಯಲು ಐದು ತಿಂಗಳು ಹಿಡಿಯಿತು. ಕೊನೆಗೆ ಗಾಡಿ ಪೇಂಟರನ ಶೆಡ್ಡಿಗೆ ಬಂತು. ಈ ಪೇಂಟರ್ ಒಂದು ವಿಚಿತ್ರ ಪ್ರಾಣಿ. ತಗಡು ತಟ್ಟುವುದೂ ಅವನೇ, ಪುಟ್ಟಿ ಹಾಕುವುದೂ ಅವನೇ, ಬಣ್ಣ ಹೊಡೆಯುವುದೂ ಅವನೇ. ಇನ್ನೊಬ್ಬರ ಕೈಯನ್ನು ನಂಬಿದವನಲ್ಲ. "ನನ್ನ ಶೆಡ್ಡಿಂದ ಹೊರಟ ಗಾಡಿ ಮೇಲೆ ಸೊಳ್ಳೆ ಕೂತು ಎದ್ದ ಗುರುತೂ ಇರಬಾರದು" ಅನ್ನುವುದು ಅವನ ವ್ರತ. ಬೆರಳ ತುದಿಯಿಂದ ತಗಡು ಸವರುತ್ತಾ ಕಣ್ಣು ಮುಚ್ಚಿ ನಿಂತನೆಂದರೆ ಕರೆದರೂ ಓಗೊಡುತ್ತಿರಲಿಲ್ಲ.

ಮೊದಲ ಜಗಳ ಬಣ್ಣದ್ದು. ಸೇನೆಯ ಹಸಿರಿಗೆ ಹೊಳಪು ಇರುವುದಿಲ್ಲ, ಇರಲೂಬಾರದು. ಪೇಂಟರ್ ಕೈಯಲ್ಲಿದ್ದ ಉಪ್ಪುಕಾಗದ ಕೆಳಗೆ ಹಾಕಿದ. "ಹೊಳಪಿಲ್ದೆ ಹೊಡೀಬೇಕಾ? ನೋಡಿದೋರು ಕೆಲಸ ಅರ್ಧಕ್ಕೆ ಬಿಟ್ಟೆ ಅಂತಾರೆ. ನನ್ನ ಮಾನ ಏನಾಗ್ಬೇಕು ಸಾರ್?"

"ಶತ್ರುವಿಗೆ ಕಾಣಬಾರದಪ್ಪಾ. ಹೊಳೆದರೆ ದೂರದಿಂದಲೇ ಗುರಿ ಇಡ್ತಾನೆ."

"ಯಾವ ಶತ್ರು? ಟ್ರಾಫಿಕ್ ಪೊಲೀಸಾ?"

ಮೂರು ದಿನದ ಮುನಿಸಿನ ನಂತರ ಒಪ್ಪಿದ. ಆದರೆ ಯಾವ ಹಸಿರು? ಅಂಗಡಿಯವನ ಪಟ್ಟಿಯಲ್ಲಿ ಹದಿನೇಳು ಹಸಿರಿದ್ದವು. ಮೇಜರ್ ತಲೆ ಓಡಿಸಿ, ಮಾವ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಮಂಚದ ಕೆಳಗಿನ ಟ್ರಂಕನ್ನು ಶೆಡ್ಡಿಗೆ ಹೊತ್ತುಕೊಂಡು ಬಂದರು. ಪೇಂಟರ್ ಅದರ ಹೊರಗನ್ನು ನೋಡಲೇ ಇಲ್ಲ, ಮುಚ್ಚಳ ತೆಗೆದು ಒಳಮೈ ನೋಡಿದ. ಹೊರಗಿನದು ಬಿಸಿಲು ಕುಡಿದ ಬಣ್ಣ, ಸುಳ್ಳು ಹೇಳುತ್ತದೆ. ಒಳಗಿನದು ನಿಜ ಹೇಳುತ್ತದೆ ಎಂದ. ಆ ಒಳಮೈಗೆ ಹೊಂದಿಸಿ, ಒಂದಕ್ಕೊಂದು ಬೆರೆಸಿ, ತಗಡಿನ ಚೂರುಗಳಿಗೆ ಹೊಡೆದು ಒಣಗಿಸಿ, ಒಂಬತ್ತನೆಯ ಸಲಕ್ಕೆ ಹಸಿರು ಹಿಡಿದ. ಇಂಥ ಕೆಲಸಗಾರನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಟ್ರಂಕು ಮಾವನ ಸ್ನಾನ ಮುಗಿಯುವುದರೊಳಗೆ ವಾಪಸಾಗಲಿಲ್ಲ. ಅದು ಮರಳುವ ತನಕ ಮುದುಕರು ಮಂಚದ ಅಂಚಿನಲ್ಲಿ ಕೂತೇ ಇದ್ದರು.

ಇನ್ನು ತೂತು. ಪೇಂಟರ್ ಮೊದಲ ದಿನವೇ ಅವುಗಳಲ್ಲಿ ಕಿರುಬೆರಳು ಆಡಿಸಿ ಹೇಳಿದ್ದ, "ಇವು ಬೋಲ್ಟಿನ ತೂತು ಸಾರ್. ಸನಿಕೆ ಸಿಕ್ಕಿಸೋ ಕ್ಲಾಂಪು ಇತ್ತು ಇಲ್ಲಿ. ಎಷ್ಟು ದುಂಡಗಿದೆ ನೋಡಿ." ಮೇಜರ್ ಅವನನ್ನು ಗದರಿಸಿ ಬಾಯಿ ಮುಚ್ಚಿಸಿದರು. ಆ ಹೊತ್ತಿಗಾಗಲೇ ಕ್ಷೌರದಂಗಡಿಯಲ್ಲಿ ಆ ತೂತುಗಳಿಗೆ ಒಂದು ಬೆಟ್ಟ, ಒಂದು ಸೇತುವೆ, ಬೆನ್ನಟ್ಟಿದ ಶತ್ರು, ಎಲ್ಲ ಹುಟ್ಟಿಯಾಗಿತ್ತು. ಕತೆ ಹೇಳುವಾಗ ಚಾಲಕ ಯಾರು ಎಂದು ಅವರು ಹೇಳುತ್ತಿರಲಿಲ್ಲ, ಮೀಸೆ ಮುಟ್ಟಿಕೊಳ್ಳುತ್ತಿದ್ದರು ಅಷ್ಟೆ. ಶಾಲೆಯ ಮುಖ್ಯೋಪಾಧ್ಯಾಯಿನಿಯ ಕಿವಿಗೂ ಸುದ್ದಿ ಬಿತ್ತು. ಶಾಲೆಗೆ ಐವತ್ತು ತುಂಬಿದ ಸಮಾರಂಭದಲ್ಲಿ ಹಳೆಯ ವಾಹನಗಳ ಪ್ರದರ್ಶನವಿದೆ, ಜೀಪು ತನ್ನಿ, ಮೈಕಿನಲ್ಲಿ ನಾಲ್ಕು ಮಾತು ಆಡಿ ಎಂದು ಮನೆಗೇ ಬಂದು ಕರೆದರು. ಮುಂದಿನ ಸೀಟಿನಲ್ಲಿ ಮಾವನನ್ನು ಕೂರಿಸಿಕೊಂಡು ಹೋಗುವುದೆಂದು ಮೇಜರ್ ಆಗಲೇ ತೀರ್ಮಾನಿಸಿದರು. ಇಡೀ ಊರು ಚಪ್ಪಾಳೆ ತಟ್ಟಿದರೆ ಮುದುಕರು ಕಿಮಕ್ಕೆನ್ನದೆ ಇರಲು ಸಾಧ್ಯವೇ?

ಸಮಾರಂಭದ ಹಿಂದಿನ ದಿನ ಗಾಡಿ ಬಿಡಿಸಿಕೊಳ್ಳಲು ಹೋದರು. ಹಸಿರೆಂದರೆ ಹಸಿರು, ಕಣ್ಣಿಗೆ ತಂಪು. ಮುಂಭಾಗ ನೋಡಿದರು, ಬಾನೆಟ್ಟು ನೋಡಿದರು, ಹಿಂದಕ್ಕೆ ಬಂದು ನೋಡಿದರು, ಮತ್ತು ಚೀರಿದರು.

ತೂತು ಇರಲಿಲ್ಲ. ನುಣ್ಣಗೆ ಸವರಿದಂಥ ತಗಡು!

"ತೂತು ಅಂದ್ಮೇಲೆ ಮುಚ್ಚಬೇಕಲ್ವಾ ಸಾರ್?" ಪೇಂಟರನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಹಿಂದುಗಡೆಯಿಂದ ಚಕ್ಕೆ ಕೊಟ್ಟು ವೆಲ್ಡು ಮಾಡಿ, ಪುಟ್ಟಿ ಎಳೆದು, ಎರಡು ದಿನ ಉಜ್ಜಿದ್ದೀನಿ. ಎಲ್ಲಿತ್ತು ಹೇಳಿ ನೋಡೋಣ!"

"ಅಯ್ಯೋ ಪುಣ್ಯಾತ್ಮಾ, ಗಾಡಿಯ ಪ್ರಾಣವೇ ಆ ತೂತಿನಲ್ಲಿತ್ತು! ನಾಳೆ ಬೆಳಿಗ್ಗೆಗೆ ನನಗೆ ಮೂರು ತೂತು ಬೇಕು. ಗುಂಡಿನ ತೂತು. ಸೊಟ್ಟಗಿರಬೇಕು, ತಗಡು ಹರಿದಿರಬೇಕು."

ಪೇಂಟರನ ಮುಖ ನೋಡಬೇಕಿತ್ತು. ತಾನೇ ಮುಚ್ಚಿದ್ದನ್ನು ತಾನೇ ತೂತು ಮಾಡಬೇಕು! ಅರ್ಧ ಗಂಟೆ ಬೀಡಿ ಸೇದಿ ಯೋಚಿಸಿದ. ಹೊರಗಿನಿಂದ ಹೊಡೆದರೆ ಸುತ್ತಿಗೆ ಒಂದಿಷ್ಟು ಜಾರಿದರೂ ಹೊಸ ಬಣ್ಣಕ್ಕೆ ಗಾಯ. ಅದು ಅವನಿಂದಾಗದು. ಕೊನೆಗೆ ಜೀಪಿನೊಳಗೆ ಹತ್ತಿ, ಮಂಡಿಯೂರಿ, ಒಳಗಿನಿಂದ ಉಳಿಯಿಟ್ಟು, ಕಣ್ಣು ಮುಚ್ಚಿಕೊಂಡು ಮೂರು ಏಟು ಹಾಕಿದ. ತಗಡು ಹರಿದು ಹೊರಗೆ ಅರಳಿತು. ಹೊರಗೆ ನಿಂತಿದ್ದ ಮೇಜರ್ ಬೇಷ್ ಬೇಷ್ ಎಂದರು. ಇಪ್ಪತ್ತೊಂಬತ್ತು ವರ್ಷ ಸೇನೆಯ ಅನ್ನ ತಿಂದವರಿಗೆ ಗುಂಡು ಬಿದ್ದ ತಗಡು ಯಾವ ಕಡೆ ಬಾಗುತ್ತದೆ ಎಂಬುದು ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಕಂಬಳಿಗೆ ನುಸಿ ಹೊಡೆದ ತೂತು ಎರಡೂ ಕಡೆ ಒಂದೇ ಥರ ಇರುತ್ತದೆ.

ಮರುದಿನ ಶಾಲೆಯ ಮೈದಾನದಲ್ಲಿ ಹಳೆಯ ಕಾರು, ಸ್ಕೂಟರುಗಳ ಸಾಲಿನ ಕೊನೆಗೆ ಜೀಪು ನಿಂತಿತು. ಮಾವ ಮುಂದಿನ ಸೀಟಿನಲ್ಲಿದ್ದರು. ದಾರಿಯುದ್ದಕ್ಕೂ ಅಳಿಯ ಗೇರು ಹಾಕುವಾಗಲೆಲ್ಲ ಅವರ ಎಡಗಾಲು ಅಲ್ಲಿಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು. ಮೇಜರ್ ಮೈಕು ಹಿಡಿದು ಜೀಪಿನ ಹಿಂದೆ ನಿಂತರು. ಬೆಟ್ಟ ಬಂತು, ಸೇತುವೆ ಬಂತು, ಹಿಂದಿನಿಂದ ಶತ್ರು ಬಂದ. "ಧಡ್, ಧಡ್, ಧಡ್!" ಎಂದು ಅವರು ತೂತುಗಳನ್ನು ತೋರಿಸಿದಾಗ ಮಕ್ಕಳು ಹೋ ಎಂದು ಕೂಗಿದರು.

ಆಗ ಬೀರು ಮಾಡುವವನು ಮುಂದೆ ಬಂದ. ಅವರದೇ ಬೀದಿಯವನು. ಹುಟ್ಟಿದಂದಿನಿಂದ ತಗಡು ಕತ್ತರಿಸಿ ಕಬ್ಬಿಣದ ಬೀರು ಮಾಡಿಕೊಂಡು ಬಂದವನು. ಬಗ್ಗಿ ನೋಡಿ, ತೂತಿನ ಸುತ್ತ ಹೆಬ್ಬೆರಳು ಸವರಿ, ಎದ್ದು ನಿಂತು ಗಟ್ಟಿಯಾಗಿ ಕೇಳಿದ: "ಮೇಜರೇ, ಶತ್ರು ಹಿಂದಿನಿಂದ ಹೊಡೆದ ಅಂದ್ರಿ. ತಗಡು ಹೊರಕ್ಕೆ ಬಾಗಿದೆಯಲ್ಲ? ಗುಂಡು ಒಳಗಿಂದ ಹೊರಕ್ಕೆ ಹೋಗಿದೆ. ಶತ್ರು ನಿಮ್ಮ ಹಿಂದಿನ ಸೀಟಲ್ಲೇ ಕೂತಿದ್ನಾ?"

ಮೊದಲು ಒಬ್ಬರು ನಕ್ಕರು. ಆಮೇಲೆ ಮೈದಾನವೇ ನಕ್ಕಿತು. ಕ್ಷೌರಿಕ ಎಲ್ಲರಿಗಿಂತ ಜೋರಾಗಿ ನಕ್ಕ, ಪದವಿ ಕೊಟ್ಟವನಿಗೆ ಕಿತ್ತುಕೊಳ್ಳುವ ಹಕ್ಕೂ ಇರುತ್ತದಲ್ಲ. ಗುಂಪಿನಲ್ಲಿದ್ದ ಪೇಂಟರ್ ತಲೆ ತಗ್ಗಿಸಿಕೊಂಡ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಧೈರ್ಯವೂ ಮೇಜರರಿಗೆ ಉಳಿಯಲಿಲ್ಲ. ಅವರು ಬೀರಿನವನನ್ನು ನೋಡಲಿಲ್ಲ, ಮುಖ್ಯೋಪಾಧ್ಯಾಯಿನಿಯನ್ನು ನೋಡಲಿಲ್ಲ. ಮುಂದಿನ ಸೀಟನ್ನು ನೋಡಿದರು. ಮುದುಕರು ಇಳಿಯುತ್ತಿದ್ದರು.

ಇನ್ನು ಸತ್ತೆ ಎಂದುಕೊಂಡರು ಮೇಜರ್. ಈಗ ಕಾಲುಚೀಲದ ಮಾತು ಮೈಕಿನಲ್ಲೇ ಬರುತ್ತದೆ.

ಮಾವ ಜೀಪಿಗೆ ಕೈ ಊರಿಕೊಂಡು ಹಿಂದಕ್ಕೆ ಬಂದರು. ಒಂದೊಂದೇ ತೂತನ್ನು ಮುಟ್ಟಿದರು. ಬೆರಳಿಗೆ ಹಸಿರು ಚಕ್ಕೆ ಅಂಟಿತು, ನಿನ್ನೆಯ ಬಣ್ಣ. ಅದನ್ನು ನೋಡಿ, ಅಳಿಯನ ಮುಖ ನೋಡಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಒಳಗಿಂದ್ಲೇ ಹೊಡೆದಿದ್ದು" ಎಂದರು.

ನಗು ತಗ್ಗಿತು.

"ಇಂಥದ್ದೇ ಗಾಡಿ. ಓಡಿಸ್ತಿದ್ದೋನು ನಾನು. ಹಿಂದೆ ಒಬ್ಬ ಹೊಸಬ ಕೂತಿದ್ದ, ಬಂದೂಕು ಹಿಡಿದು ಹತ್ತು ದಿನ ಆಗಿತ್ತೋ ಇಲ್ವೋ. ಬೆರಳು ಇಡಬಾರದ ಕಡೆ ಇಟ್ಟಿದ್ದ. ರಸ್ತೇಲಿ ಹಳ್ಳ ಇತ್ತು. ನಾನು ನೋಡ್ಲಿಲ್ಲ." ಅವರು ಮತ್ತೆ ತೂತಿನ ಕಡೆ ತಿರುಗಿದರು. "ಮೂರು. ತಗಡು ದಾಟಿ ಹೋಯ್ತು."

"ಯಾರಿಗೂ ಏನೂ ಆಗ್ಲಿಲ್ಲ ತಾನೇ ತಾತಾ?" ಎಂದ ಬೀರಿನವನು.

"ಗಾಡಿ ಹಿಂದೆ ನಮ್ಮವರೇ ನಡ್ಕೊಂಡು ಬರ್ತಿದ್ರಪ್ಪ" ಎಂದರು ಮಾವ.

ಮೈಕು ಮೇಜರರ ಕೈಯಲ್ಲೇ ಇತ್ತು. ಅದನ್ನು ಆರಿಸಬೇಕೆಂದು ಅವರಿಗೆ ತೋಚಲಿಲ್ಲ. ಅರವತ್ತು ವರ್ಷ ಹೆಂಡತಿಗೆ, ಮಗಳಿಗೆ, ಯಾರಿಗೂ ಹೇಳದ ಮಾತನ್ನು ಮುದುಕರು ಇಡೀ ಶಾಲೆಯ ಮುಂದೆ ಹೇಳಿದ್ದರು, ಅಳಿಯನ ಒಂದು ಸುಳ್ಳನ್ನು ಮುಚ್ಚುವುದಕ್ಕೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೀರಿನವನು ಕೈ ಮುಗಿದು ಹಿಂದೆ ಸರಿದ.

ಮನೆಗೆ ಮರಳುವಾಗ ಮೇಜರ್ ಪ್ರತಿಯೊಂದು ಹಳ್ಳವನ್ನೂ ತಪ್ಪಿಸಿ ಓಡಿಸಿದರು. ಬೀದಿ ತಿರುಗುವಾಗ ಮಾವ ಮಾತಾಡಿದರು.

"ಅಳಿಯಂದ್ರೇ, ಅದನ್ನ ಮುಚ್ಚಿಸಿಬಿಡಿ."

"ಆಗಲಿ ಮಾವ."

"ಹಸಿರು ಸರಿಯಾಗಿ ಬಂದಿದೆ. ಹೀಗೇ ಇತ್ತು."

ಮೂವತ್ತು ವರ್ಷ ಕಾದ ಒಳ್ಳೆಯ ಮಾತು ಅದು. ಸಿಕ್ಕಿತು. ಮೇಜರರಿಗೆ ಅಳು ಬಂತು, ಮೂಗು ಒರೆಸಿಕೊಳ್ಳುವ ನೆಪದಲ್ಲಿ ಗೇರು ತಪ್ಪಾಗಿ ಹಾಕಿ ಗಾಡಿ ನಿಲ್ಲಿಸಿದರು. ಮಾವನ ಎಡಗಾಲು ಅಲ್ಲಿಲ್ಲದ ಕ್ಲಚ್ಚನ್ನು ಒತ್ತಿತು.

ಮಾರನೆಯ ದಿನ ಪೇಂಟರ್ ತೂತು ಮುಚ್ಚಿದ. ಮೇಜರ್ ಪಕ್ಕದಲ್ಲಿ ಕೂತು ತಾವೇ ಉಪ್ಪುಕಾಗದ ಹಿಡಿದು ಸಂಜೆಯವರೆಗೆ ಉಜ್ಜಿದರು. ಸೊಳ್ಳೆ ಕೂತು ಎದ್ದ ಗುರುತೂ ಉಳಿಯಲಿಲ್ಲ. ಈಗ ಯಾರಾದರೂ ಆ ಗುಂಡಿನ ತೂತು ಎಲ್ಲಿ ಎಂದು ಕೇಳಿದರೆ ಅವರು ನೆಟ್ಟಗೆ ನಿಜವನ್ನೇ ಹೇಳುತ್ತಾರೆ: "ಅವು ಬೋಲ್ಟಿನ ತೂತು ಕಣಪ್ಪ, ಸನಿಕೆ ಸಿಕ್ಕಿಸೋಕೆ ಇದ್ದಿದ್ದು. ನಾನು ಬಟ್ಟೆ ಉಗ್ರಾಣದ ಗುಮಾಸ್ತ."

ಒಬ್ಬನೇ ಒಬ್ಬ ನಂಬುವುದಿಲ್ಲ. "ಎಂಥಾ ದೊಡ್ಡ ಮನುಷ್ಯ ನೋಡಿ ಮೇಜರ್, ಮಾವನ ದುಃಖ ನೆನಪಾಗುತ್ತೆ ಅಂತ ಸುಳ್ಳು ಹೇಳ್ತಾರೆ" ಅನ್ನುತ್ತಾ ಕ್ಷೌರಿಕ ಕತ್ತರಿ ಆಡಿಸುತ್ತಾನೆ.