ಬರಿದಾಗಿ ಹಿಂದಿರುಗಿದ ತಟ್ಟೆ

ಸ್ಫಾಕ್ಸ್ ಊರಿನಲ್ಲಿ ಒಬ್ಬರ ಮನೆಯಿಂದ ಬಂದ ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಖರ್ಜೂರವಾದರೂ ಇಟ್ಟು ಕೊಡಬೇಕು. ಬಟ್ಟೆ ಹೊಲಿಯುವ ಮುಂಜಿಯಾ ಹೋದ ಹಬ್ಬದಲ್ಲಿ ಅಕ್ಕ ದಲೆಂದಾಳ ತಟ್ಟೆಯನ್ನು ತೊಳೆದು, ಒರೆಸಿ, ಮೇಲೊಂದು ಬಟ್ಟೆ ಮುಚ್ಚಿ, ಬರಿದಾಗಿಯೇ ಕಳಿಸಿದಳು. ಅಕ್ಕ ಕಳಿಸಿದ ಬಕ್ಲಾವಾ ಸಿಹಿತಿಂಡಿಯಲ್ಲಿ ಪಿಸ್ತಾ ಇತ್ತು, ಇವಳದರಲ್ಲಿ ಕಡಲೆಬೀಜ. ಕಾರಣ ಅಷ್ಟೇ ಎಂದು ಆಗ ಅವಳೂ ಅಂದುಕೊಂಡಿದ್ದಳು.

ಹನ್ನೊಂದು ತಿಂಗಳು ಮಾತಿಲ್ಲ. ಮುಂಜಿಯಾಗೆ ನಿದ್ದೆ ಬಾರದಾಯಿತು, ಹೊಲಿಗೆ ಸೊಟ್ಟಾಯಿತು. ಅಕ್ಕನ ಪರದೆ, ಅಕ್ಕನ ಸೊಸೆ, ಅಕ್ಕನ ಚಪ್ಪಲಿ. ಕಣ್ಣು ಎಲ್ಲವನ್ನೂ ತನ್ನದರ ಜೊತೆ ಅಳೆಯುವುದನ್ನು ಬಿಡಲೊಲ್ಲದು. ಕೊನೆಗೆ ಓಣಿಯ ದವಾಖಾನೆಯಲ್ಲಿ ಮನಸ್ಸಿನ ತೊಂದರೆ ಕೇಳುವ ಸೌಸನ್ ಎಂಬಾಕೆಯ ಹತ್ತಿರ ಹೋದಳು. ಮೂರನೆಯ ಭೇಟಿಗೆ ಸೌಸನ್ ಅಕ್ಕನನ್ನೂ ಕರೆಸಿದಳು.

"ಅವರ ಸಾಮಾನು ಬಿಡಿ," ಎಂದಳು ಮುಂಜಿಯಾಗೆ. "ಮುಖ ನೋಡಿ ಹೇಳಿ."

"ಏನ್ ಹೇಳ್ಲಿ ಈ ಪಿಸ್ತಾ ಮಹಾರಾಣಿಗೆ?" ಮುಂಜಿಯಾ ಸಿಡಿದಳು. "ತಟ್ಟೆ ಕಳಿಸ್ತಾಳೋ, ಕಪಾಳಕ್ಕೆ ಹೊಡೀತಾಳೋ!"

"ನೀನೇನ್ ಕಮ್ಮಿನಾ? ಬಟ್ಟೆ ಸರಿಸಿ ಬರಿ ತಟ್ಟೆ ನೋಡಿ ನನ್ನ ಸೊಸೆ ಕಿಸಕ್ಕಂತ ನಕ್ಕಳು ಕಣೇ!"

ಸೌಸನ್ ತಡೆಯಲಿಲ್ಲ. ಒಂದೇ ಮಾತು ಕೇಳಿದಳು: "ನಿಮ್ಮಿಬ್ಬರದನ್ನ ಮೊದಲು ಅಕ್ಕಪಕ್ಕ ಇಟ್ಟು ನೋಡಿದವರು ಯಾರು?"

"ನಮ್ಮ ಉಮ್ಮೀ," ಎಂದರು ಇಬ್ಬರೂ. ಅವರು ಹುಡುಗಿಯರಾಗಿದ್ದಾಗ ತಾಯಿ ಬೇಯಾ, ಓಣಿಯವರೆಲ್ಲ ಬಳಸುವ ಭಟ್ಟಿಯಿಂದ ಬೆಂದು ಬಂದ ಇಬ್ಬರ ಬಕ್ಲಾವಾ ಹರಿವಾಣಗಳನ್ನು ಮೇಜಿನ ಮೇಲಿಟ್ಟು ನೆರೆಯವರನ್ನು ಕೂಗುತ್ತಿದ್ದಳು. ಯಾವಳ ಕೈರುಚಿ ಒಳ್ಳೇದು, ಹೇಳಿ! ಗೆದ್ದವಳಿಗೆ ಮುತ್ತು. ಸೋತವಳಿಗೆ ಪಾತ್ರೆ ಉಜ್ಜುವ ಕೆಲಸ.

"ಗೆದ್ದಾಗ್ಲೂ ನಂಗೆ ಒಂದೇ ಚಿಂತೆ," ಎಂದಳು ದಲೆಂದಾ. "ಮುಂದಿನ ವರ್ಷ ಸೋತ್ರೆ? ಇವತ್ತಿಗೂ ಪಿಸ್ತಾ ಸುರಿಯೋದು ಅದಕ್ಕೇ."

"ನಾನು ಪಾತ್ರೆ ಉಜ್ಜುವಾಗ ಒಂದಿನ ಬಂದು ಒರೆಸಿಕೊಟ್ಟಿದ್ಯಾ?"

"ಇಲ್ಲ. ಬರ್ಬೇಕಿತ್ತು."

ಮುಂಜಿಯಾಳ ಸಿಟ್ಟು ಆರಲಿಲ್ಲ. ಅಕ್ಕನ ಮೇಲಿಂದ ಎದ್ದು ತಾಯಿಯ ಕಡೆ ತಿರುಗಿತು.

ಈ ಹಬ್ಬಕ್ಕೆ ಇಬ್ಬರೂ ಒಂದೇ ಹರಿವಾಣಕ್ಕೆ ಹಿಟ್ಟಿನ ಹಾಳೆ ಲಟ್ಟಿಸಿದರು. ಪಿಸ್ತಾ, ಕಡಲೆಬೀಜ ಕೂಡಿಸಿ ಕುಟ್ಟಿದರು. ಭಟ್ಟಿಯಲ್ಲಿ ಬೇಯಿಸಿ ತಂದು ತಾಯಿಯ ಮುಂದಿಟ್ಟರು. ಮುದುಕಿ ಒಂದು ತುಂಡು ಬಾಯಿಗಿಟ್ಟು ಕಣ್ಣು ಕಿರಿದು ಮಾಡಿದಳು.

"ಇದ್ರಲ್ಲಿ ಯಾರ ಕೈಯದು ಯಾವ್ದು?"

ಮುಂಜಿಯಾ ಹರಿವಾಣದ ಅಂಚು ಹಿಡಿದಳು. "ಉಮ್ಮೀ, ಇನ್ನೊಂದ್ಸಲ ಆ ಮಾತು ಕೇಳಿದ್ರೆ ಇದನ್ನ ಎತ್ಕೊಂಡು ಹೋಗ್ತೀವಿ. ಹಬ್ಬದ ದಿನ ನಿನ್ನ ಮೇಜೂ ಬರಿದಾಗಿರ್ಲಿ."

"ಹೆತ್ತವಳಿಗೆ ಹೀಗಂತಾರೇನೇ!"

"ಅಂತಾರೆ," ಎಂದಳು ದಲೆಂದಾ, ಇನ್ನೊಂದು ಅಂಚು ಹಿಡಿದು.

ಬೇಯಾ ಇಬ್ಬರ ಕೈಗಳನ್ನೂ ನೋಡಿದಳು. ಆಮೇಲೆ ಏನೂ ಕೇಳದೆ ಎರಡನೆಯ ತುಂಡು ತೆಗೆದುಕೊಂಡಳು.