ನಮೀಬಿಯಾದಿಂದ ಬಂದ ಜ್ವರ

೨೦೧೭ರ ಜುಲೈ. ಆಗ ನಾನು ಟೊರಾಂಟೊ ಬಳಿಯ ಒಶಾವಾದ ಒಂದು ವಾಕ್-ಇನ್ ಕ್ಲಿನಿಕ್ಕಿನಲ್ಲಿ ಫ್ಯಾಮಿಲಿ ಡಾಕ್ಟರಾಗಿದ್ದೆ. ಒಂದು ಸೋಮವಾರ ಬೆಳಿಗ್ಗೆ ಹುಬ್ಬಳ್ಳಿ ಕಡೆಯ ಬಸವರಾಜ ತಮ್ಮ ಹೆಂಡತಿ ಗಿರಿಜಾ ಜೊತೆ ಬಂದರು. ಐವತ್ತೆರಡು ವರ್ಷ, ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ೩೯.೪ ಡಿಗ್ರಿ ಜ್ವರ, ತಲೆನೋವು, ಮೈಕೈ ನೋವು.

“ಎಲ್ಲರೆ ಪ್ರವಾಸ ಹೋಗಿದ್ರೇನು?” ಎಂದು ಕೇಳಿದೆ.

“ಜೋಹಾನ್ಸ್‌ಬರ್ಗ್‌ನಾಗ ಕಂಪನಿ ಟ್ರೇನಿಂಗ್ ಇತ್ರಿ, ಹತ್ತು ದಿನ. ಹೋಟೆಲ್ ಬಿಟ್ಟು ಎಲ್ಲೂ ಹೋಗಿಲ್ಲ.”

ಆಫ್ರಿಕಾದಿಂದ ಬಂದವರಿಗೆ ಜ್ವರವೆಂದರೆ ಮೊದಲು ಮಲೇರಿಯಾ ಪರೀಕ್ಷೆ. ಮಾಡಿಸಿದೆ; ಮಲೇರಿಯಾ ಇರಲಿಲ್ಲ. ಹೋಟೆಲ್ಲಿನ ಮಾತನ್ನು ನಂಬಿದ ನಾನು ವೈರಲ್ ಜ್ವರವಿರಬಹುದೆಂದು ಮನೆಗೆ ಕಳಿಸಿ, ಇನ್ನೊಮ್ಮೆ ರಕ್ತ ನೋಡಲು ಬುಧವಾರ ಬರಹೇಳಿದೆ.

ಬುಧವಾರ ಅವರು ಹೆಂಡತಿಯ ಹೆಗಲು ಹಿಡಿದುಕೊಂಡು ಬಂದರು. ತೊಡೆಸಂದಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಅಲ್ಲಿ ಗಂಟು ಕಟ್ಟಿದರೆ ಕಾಲಲ್ಲಿ ಗಾಯ ಹುಡುಕಬೇಕು. ಸೋಮವಾರವೇ ನಾನು ಮಾಡಬೇಕಿದ್ದ ಕೆಲಸವದು. ಕಾಲುಚೀಲ ತೆಗೆಸಿದೆ. ಮೀನಖಂಡದ ಮೇಲೆ ಸುಟ್ಟಂತೆ ಕಪ್ಪಗಾದ ಹಕ್ಕಳೆ, ಸುತ್ತ ಕೆಂಪು. ವೈದ್ಯರಾದ ನಾವು ಇದನ್ನು ‘ಎಸ್ಕಾರ್’ ಎನ್ನುತ್ತೇವೆ. ಹುಲ್ಲಿನಲ್ಲಿದ್ದು ಮೈಗೆ ಹತ್ತಿ ರಕ್ತ ಹೀರುವ ಉಣ್ಣೆಹುಳ ಕಚ್ಚಿದ ಜಾಗದಲ್ಲಿ ಆಗುವಂಥದ್ದು. ಹೋಟೆಲ್ಲಿನ ಕೋಣೆಯಲ್ಲಿ ಉಣ್ಣೆ ಎಲ್ಲಿಂದ ಬರಬೇಕು?

ಗಿರಿಜಾರಿಗೆ ಸ್ವಲ್ಪ ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದೆ.

“ಹುಲ್ಲಾಗ ಮಲಗಿದ್ರೇನು?”

ಬಸವರಾಜ ಗೋಡೆಯ ಕಡೆ ಮುಖ ತಿರುಗಿಸಿದರು. “ಆಕೀಗೆ ಹೇಳಬ್ಯಾಡ್ರಿ ಡಾಕ್ಟರ. ಟ್ರೇನಿಂಗ್ ಇರಲಿಲ್ಲ. ದೋಸ್ತರ ಜೋಡಿ ನಮೀಬಿಯಾಕ್ಕ ಬ್ಯಾಟಿಗೆ ಹೋಗಿದ್ದೆ.”

ಪರವಾನಗಿ ಪಡೆದ ಗೈಡ್, ಹೆಜ್ಜೆ ಗುರುತು ಹಿಡಿಯುವ ಟ್ರ್ಯಾಕರ್, ಎಲ್ಲ ಕಾನೂನಿನ ಪ್ರಕಾರವೇ ನಡೆದಿತ್ತು. ಸುರುಳಿ ಕೊಂಬಿನ ಕೂಡು ಎಂಬ ದೊಡ್ಡ ಜಿಂಕೆಯ ಹಿಂದೆ ಎರಡು ತಾಸು ಹುಲ್ಲಿನಲ್ಲಿ ತೆವಳಿದ್ದರು.

“ನನ್ನ ಗುಂಡಿಗೆ ಅದು ಬಿದ್ದ ಮ್ಯಾಲೆ ಕೈ ಇಟ್ಟು ನೋಡಿದೆರಿ, ಇನ್ನೂ ಬೆಚ್ಚಗಿತ್ತು. ನಮ್ಮನ್ಯಾಗ ತತ್ತಿ ಸುದ್ದಾ ತರಂಗಿಲ್ಲ. ಹೆಂಗ ಹೇಳಲಿ?”

ಟೊರಾಂಟೊದ ಸೋಂಕುರೋಗ ತಜ್ಞರೊಬ್ಬರಿಗೆ ಫೋನ್ ಮಾಡಿದೆ. ಅವರಿಗೂ ಇದು ಉಣ್ಣೆ ಕಡಿತದಿಂದ ಬರುವ ‘ಆಫ್ರಿಕನ್ ಟಿಕ್ ಬೈಟ್ ಫೀವರ್’ ಎನ್ನಿಸಿತು. ಖಚಿತಪಡಿಸುವ ಪರೀಕ್ಷೆಗೆ ವಾರಗಳೇ ಬೇಕು. ಕಾಯದೆ ಅಂದೇ ಆ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಶುರು ಮಾಡಿದೆ. ಶುಕ್ರವಾರ ಅವರು ಯಾರ ಆಸರೆಯೂ ಇಲ್ಲದೆ ನಡೆದು ಬಂದರು.

ಅವರು ಪರೀಕ್ಷೆಗೆ ರಕ್ತ ಕೊಡಲು ಒಳಗೆ ಹೋದಾಗ ಗಿರಿಜಾ ನನ್ನ ಕೋಣೆಗೆ ಬಂದು ಮೆಲ್ಲಗೆ ಹೇಳಿದರು: “ಅವರ ಪ್ಯಾಂಟು ಒಗದಾಕಿ ನಾನೇ ಅಲ್ರೀ? ಮೊಣಕಾಲಿಗೆಲ್ಲಾ ಮಣ್ಣು, ಹುಲ್ಲು, ರಕ್ತ. ಟ್ರೇನಿಂಗ್‌ನಾಗ ಯಾರರೆ ನೆಲದ ಮ್ಯಾಲೆ ತೆವಳ್ತಾರೇನ್ರಿ? ತಾವಾಗೇ ಹೇಳ್ಲಿ ಅಂತ ಸುಮ್ನಿದ್ದೆ.”

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ರೋಗಿಯ ಗುಟ್ಟು ನನ್ನದಲ್ಲ. ಆದರೆ ಆ ಸೋಮವಾರವೇ ಗಿರಿಜಾರನ್ನೊಂದು ಮಾತು ಕೇಳಿದ್ದರೆ ಒಬ್ಬ ಮನುಷ್ಯ ಎರಡು ದಿನ ಕಡಿಮೆ ನರಳುತ್ತಿದ್ದ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ರೋಗಿಯನ್ನು ಕೇಳುವುದು ನನಗೆ ಮೊದಲೇ ಗೊತ್ತಿತ್ತು. ರೋಗಿಯ ಒಪ್ಪಿಗೆ ಪಡೆದು, ಅವರನ್ನೇ ಹೊರಗೆ ಕೂರಿಸಿ, ಜೊತೆಗೆ ಬಂದವರ ಮಾತು ಕೇಳುವುದನ್ನು ಗಿರಿಜಾ ಕಲಿಸಿದರು.