ಕಾಲು ತೊಳೆಯುವ ಅಧ್ಯಾಯ

ಸಮೇತನಹಳ್ಳಿ ಕಡೆಯ ಚರ್ಚಿನ ಉಪದೇಶಿ ಇನ್ನಾಸಪ್ಪನವರಿಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಗಂಟಲೇ ಬದಲಾಗುತ್ತದೆ. ಹಣೆಗೆ ಬೂದಿ ಬಿದ್ದ ಗಳಿಗೆಯಿಂದ ಹೆಂಡತಿ ಲೂರ್ದಮ್ಮನ ಹತ್ತಿರ ಉಪ್ಪು ಕೇಳುವುದೂ ಬೈಬಲಿನ ದನಿಯಲ್ಲೇ. ಮಾಂಸ ಬಿಡುತ್ತಾರೆ, ಆದರೆ ಸಾರಿಗೆ ಮಸಾಲೆ ಅದೇ ಇರಬೇಕು. ದಿನಾ ಸಂಜೆ ಚರ್ಚಿನಲ್ಲಿ ಒಂದು ವಾಕ್ಯ ಓದಿ ಮುಕ್ಕಾಲು ಗಂಟೆ ಚಿಂತನೆ ಹೇಳುತ್ತಾರೆ. "ಇದು ಪಕ್ಕದ ಮನೆಯವ್ರಿಗೆ ಹೇಳಿದ್ದು ಅನ್ಕೋಬೇಡಿ" ಅನ್ನುವಾಗ ಅವರ ಕಣ್ಣು ಪಕ್ಕದ ಮನೆಯವರ ಮೇಲೇ ಇರುತ್ತದೆ. ಪವಿತ್ರ ಗುರುವಾರ ಯೇಸುವಿನ ನೆನಪಿಗೆ ಪಾದ್ರಿ ಸ್ವಾಮಿಗಳು ಕಾಲು ತೊಳೆಯಬೇಕಾದ ಹನ್ನೆರಡು ಗಂಡಸರನ್ನು ಆರಿಸುವವರೂ ಇವರೇ: "ಮನೇಲೇ ಸೋಪ್ ಹಾಕಿ ಉಜ್ಕೊಂಡು ಬನ್ರಪ್ಪ, ಮಾನ ಕಳೀಬೇಡಿ." ಲೂರ್ದಮ್ಮ ಇದನ್ನೆಲ್ಲ ಹೆಂಗಸರ ಚಾಪೆಯ ಕೊನೆಯಲ್ಲಿ ಕೂತು ಕೇಳುತ್ತಾಳೆ. ಗಂಡನ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣನ್ನು ಆರು ವರ್ಷದಿಂದ ದಿನಾ ಬೆಳಿಗ್ಗೆ ಬಿಸಿನೀರಲ್ಲಿ ತೊಳೆದು ಕಟ್ಟುವವಳು ಅವಳು. "ನಿಧಾನಕ್ಕೆ ಒರ್ಸೇ, ಅದೇನ್ ಕೈಯೋ ಕಲ್ಲೋ" ಎಂಬುದೊಂದೇ ಅಲ್ಲಿ ಅವಳಿಗೆ ಸಿಗುವ ಚಿಂತನೆ. ಈ ಸಲ ಕಾಲು ತೊಳೆಯುವ ಅಧ್ಯಾಯ ಓದಿ ಮುಗಿಸಿ, ಇನ್ನಾಸಪ್ಪ ಕನ್ನಡಕ ತೆಗೆದು ಕೇಳಿದರು: "ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ್ರು. ನಮ್ಮಲ್ಲಿ ಇನ್ನೊಬ್ರ ಕಾಲು ತೊಳೆದೋರು ಯಾರಾದ್ರೂ ಇದೀರಾ?" ಲೂರ್ದಮ್ಮ ಮುಲಾಮಿನ ವಾಸನೆ ಬಿಡದ ಕೈಯನ್ನು ಸೆರಗಿನೊಳಗಿಂದ ಹೊರಗೆ ತೆಗೆದಳು. ಅವರು ಚಾಪೆಯ ಕೊನೆಯವರೆಗೂ ಕಣ್ಣಾಡಿಸಿದರು. "ನೋಡಿದ್ರಾ," ಎಂದರು, "ಒಬ್ಬರೂ ಇಲ್ಲ."